ಕಡ್ಡಿ ಎಣಿಸಿ ಫೋನ್ ಬದಲಿಸುವ ಮುನ್ನ

ಒಂದೇ ಜಗುಲಿಯ ಮೇಲೆ ಎರಡು ಫೋನ್ ಅಕ್ಕಪಕ್ಕ ಇಡಿ. ಒಂದರಲ್ಲಿ ನಾಲ್ಕು ಕಡ್ಡಿ, ಇನ್ನೊಂದರಲ್ಲಿ ಎರಡು. ನಾಲ್ಕು ಕಡ್ಡಿಯದು ಒಳ್ಳೆಯ ಸೆಟ್ಟು, ಎರಡು ಕಡ್ಡಿಯದು ಡಬ್ಬಾ ಎಂದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಮುಂದಿನ ಹಬ್ಬದ ಆಫರಿಗೆ ಡಬ್ಬಾ ಎಕ್ಸ್‌ಚೇಂಜಿಗೆ ಹೋಗುತ್ತದೆ. ಯಾವ ಕಿಟಕಿಯ ಹತ್ತಿರ ನಿಂತರೆ ಮಾತು ಕೇಳಿಸುತ್ತದೆ ಎಂಬುದು ಮನೆಮಂದಿಗೆಲ್ಲ ಬಾಯಿಪಾಠವಾಗಿರುವ ಮಲೆನಾಡಿನಂಥ ಸೀಮೆಯಲ್ಲಿ ಫೋನ್ ಬಳಸುತ್ತ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ಸಿಗ್ನಲ್ ಎಂಬುದು ಫೋನಿನ ಗುಣವೂ ಅಲ್ಲ, ಟವರಿನ ಗುಣವೂ ಅಲ್ಲ. ಟವರು ಬಿಡುವ ತರಂಗಾಂತರದ ಬ್ಯಾಂಡು, ಅದನ್ನು ಹಿಡಿಯಲು ಫೋನಿಗಿರುವ ಯೋಗ್ಯತೆ, ನಾವು ನಿಂತ ಜಾಗ ಈ ಮೂರರ ನಡುವಿನ ಹೊಂದಾಣಿಕೆ ಅದು. ನೆಟ್‌ವರ್ಕ್ ಮೇಲ್ದರ್ಜೆಗೇರಿತು ಎಂದರೆ ಆ ಹೊಂದಾಣಿಕೆಯ ಒಂದು ಕಡೆ ಬದಲಾಯಿತು ಎಂದರ್ಥ. ಬದಲಾದದ್ದು ಯಾವುದು ಎಂದು ಹುಡುಕದೆ ಸೆಟ್ಟು ಬದಲಿಸಿದರೂ ಸಿಮ್ ಬದಲಿಸಿದರೂ ದುಡ್ಡು ಹೋಗುತ್ತದೆ, ತೊಂದರೆ ಅಲ್ಲೇ ಉಳಿಯುತ್ತದೆ.

ಮೊದಲು ಕಡ್ಡಿಯ ವಿಚಾರ. ಎಷ್ಟು ಸಿಗ್ನಲ್ ಇದ್ದರೆ ಎಷ್ಟು ಕಡ್ಡಿ ತೋರಿಸಬೇಕು ಎಂಬುದಕ್ಕೆ ಎಲ್ಲ ತಯಾರಕರೂ ಒಪ್ಪಿಕೊಂಡ ಮಾನದಂಡ ಯಾವುದೂ ಇಲ್ಲ. ಆಂಡ್ರಾಯ್ಡ್‌ನಲ್ಲಿ ಕಡ್ಡಿಯ ಮಟ್ಟಗಳನ್ನು ಸಿಮ್ ಕಂಪನಿಯೇ ತನಗೆ ಬೇಕಾದಂತೆ ಗೊತ್ತುಮಾಡಿಸಬಹುದು. ಇದ್ದುದಕ್ಕಿಂತ ಒಂದು ಕಡ್ಡಿ ಹೆಚ್ಚಿಗೆ ತೋರಿಸುವ ಏರ್ಪಾಡು ಕೂಡ ಆ ತಂತ್ರಾಂಶದೊಳಗೇ ಇದೆ. 2010ರಲ್ಲಿ ಐಫೋನ್ 4 ಬಂದು, ಕೈಯಲ್ಲಿ ಒಂದು ರೀತಿ ಹಿಡಿದರೆ ಕಡ್ಡಿಗಳು ದಿಢೀರನೆ ಇಳಿಯುತ್ತವೆ ಎಂಬ ಗಲಾಟೆ ಎದ್ದಾಗ, ಕಡ್ಡಿ ಲೆಕ್ಕ ಹಾಕುವ ತನ್ನ ಸೂತ್ರವೇ ತಪ್ಪಾಗಿತ್ತು, ಎಷ್ಟೋ ಸಲ ಎರಡು ಕಡ್ಡಿ ಹೆಚ್ಚಿಗೆ ತೋರಿಸುತ್ತಿತ್ತು ಎಂದು ಆಪಲ್ ಸಂಸ್ಥೆಯೇ ಒಪ್ಪಿಕೊಂಡಿತು. ಹೀಗಿರುವಾಗ ಬೇರೆ ಬೇರೆ ಕಂಪನಿಯ ಎರಡು ಫೋನಿನ ಕಡ್ಡಿ ಹೋಲಿಸಿ ಏನು ಪ್ರಯೋಜನ? ನಿಜವಾದ ಅಳತೆ ಡಿಬಿಎಂ ಲೆಕ್ಕದಲ್ಲಿರುತ್ತದೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸಿನಲ್ಲಿ ‘ಅಬೌಟ್ ಫೋನ್’ ತೆರೆದು ಸಿಮ್ ಸ್ಟೇಟಸ್ ನೋಡಿದರೆ ಸಾಮಾನ್ಯವಾಗಿ ಸಿಗುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆ ಮಾಡಿದರೆ ಪರೀಕ್ಷಾ ಪರದೆ ತೆರೆದುಕೊಳ್ಳುತ್ತದೆ. ಸಂಖ್ಯೆ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 110 ದಾಟಿದರೆ ಪರದಾಟ. ಹತ್ತು ಅಂಕ ಇಳಿದರೆ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ, ಇಪ್ಪತ್ತು ಇಳಿದರೆ ನೂರರಲ್ಲೊಂದು. ಮೂರು ಕಡ್ಡಿ, ಎರಡು ಕಡ್ಡಿ ಎಂಬ ಮಾತಿನಲ್ಲಿ ಈ ಅಂತರ ಎಲ್ಲಿ ಕಾಣಬೇಕು? ಹಾಗೆಂದು ಡಿಬಿಎಂ ಒಂದೇ ಎಲ್ಲವನ್ನೂ ಹೇಳುತ್ತದೆ ಎಂದಲ್ಲ. ರಥೋತ್ಸವದ ದಿನ ದೇವಸ್ಥಾನದ ಎದುರು ಸಿಗ್ನಲ್ ಭರ್ತಿ ಇದ್ದೂ ಒಂದು ಫೋಟೊ ಹೋಗುವುದಿಲ್ಲ. ಅಲ್ಲಿ ಕೊರತೆ ಟವರಿನ ಶಕ್ತಿಯದಲ್ಲ, ಅಷ್ಟು ಜನಕ್ಕೆ ಹಂಚಲು ಅದರಲ್ಲಿರುವ ಜಾಗದ್ದು.

ಎರಡು ಫೋನುಗಳನ್ನು ನ್ಯಾಯವಾಗಿ ಹೋಲಿಸಬೇಕೆಂದರೆ ಒಂದೇ ಸಿಮ್ಮನ್ನು ಎರಡಕ್ಕೂ ಹಾಕಿ, ಒಂದೇ ಜಾಗದಲ್ಲಿ ಇಟ್ಟು, ಎರಡೂ ಒಂದೇ ಬ್ಯಾಂಡು ಹಿಡಿದಿವೆಯೇ ಎಂದು ನೋಡಿ, ಆಮೇಲೆ ಡಿಬಿಎಂ ಓದಬೇಕು. ಬ್ಯಾಂಡು ತೋರಿಸುವ ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ಇಷ್ಟು ಮಾಡಿದರೆ ಅನೇಕ ಸಲ ಬಯಲಾಗುವುದು ಒಂದೇ ಸಂಗತಿ: ಒಂದು ಫೋನು ದೂರ ಸಾಗುವ 850 ಅಥವಾ 900 ಮೆಗಾಹರ್ಟ್ಸ್ ಹಿಡಿದು ಕುಳಿತಿದೆ, ಇನ್ನೊಂದು ವೇಗದ ಆಸೆಗೆ 2300ಕ್ಕೆ ಜೋತುಬಿದ್ದಿದೆ. ಕಡಿಮೆ ಮೆಗಾಹರ್ಟ್ಸಿನ ಅಲೆ ಗುಡ್ಡದ ಅಂಚನ್ನು ಬಳಸಿಕೊಂಡು ಬರುತ್ತದೆ, ಜಂಬಿಟ್ಟಿಗೆ ಗೋಡೆಯನ್ನೂ ಅಷ್ಟಿಷ್ಟು ದಾಟುತ್ತದೆ. ಹೆಚ್ಚಿನದು ವೇಗ ಕೊಡುತ್ತದೆ, ಆದರೆ ಮಳೆಗಾಲದಲ್ಲಿ ತೊಯ್ದು ನಿಂತ ಅಡಿಕೆ ತೋಟ ಅಡ್ಡ ಬಂದರೂ ಸೊರಗುತ್ತದೆ. ಇನ್ನೊಂದು ಸಂಗತಿ ಸಾಮಾನ್ಯವಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆಚೆ ಊರಿನ ಯಕ್ಷಗಾನದ ಮೈಕು ನಮಗೆ ಕೇಳಿಸುತ್ತದೆ. ನಾವು ಇಲ್ಲಿಂದ ಕೂಗಿದ್ದು ಭಾಗವತರಿಗೆ ಕೇಳಿಸುವುದಿಲ್ಲ. ಟವರಿಗೂ ಫೋನಿಗೂ ಇರುವ ಸಂಬಂಧ ಇದೇ. 4ಜಿ ಫೋನು ಹೊರಬಿಡುವ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವಾಟ್. ಟವರಿನ ದನಿ ಫೋನಿಗೆ ಮುಟ್ಟಿ ಕಡ್ಡಿ ತುಂಬಿರುತ್ತದೆ, ಫೋನಿನ ದನಿ ಟವರಿಗೆ ಮುಟ್ಟದೆ ಕರೆ ಹೋಗುವುದಿಲ್ಲ. ‘ಫುಲ್ ಇದೆ, ಕಾಲ್ ಮಾತ್ರ ಹೋಗ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಹಳೆಯ ಕೀಪ್ಯಾಡ್ ಸೆಟ್ಟು ತೋಟದ ಮೂಲೆಯಲ್ಲೂ ಹಿಡಿಯುತ್ತಿತ್ತು, ಮೂವತ್ತು ಸಾವಿರದ ಸ್ಮಾರ್ಟ್‌ಫೋನ್ ಯಾಕೆ ಹಿಡಿಯುವುದಿಲ್ಲ, ಅಂದಮೇಲೆ ದೋಷ ಫೋನಿನದೇ ಅಲ್ಲವೇ ಎಂದು. ಅನುಭವ ಸುಳ್ಳಲ್ಲ, ಅದರಿಂದ ತೆಗೆಯುವ ತೀರ್ಮಾನ ಮಾತ್ರ ಸರಿಯಿಲ್ಲ. 2ಜಿ ಸೆಟ್ಟು 900 ಮೆಗಾಹರ್ಟ್ಸಿನಲ್ಲಿ 2 ವಾಟ್ ತನಕ ಬಿಡಬಹುದಾಗಿತ್ತು, ಅಂದರೆ ಈಗಿನದರ ಹತ್ತರಷ್ಟು. ಎಂಟು ಪಾಲು ಸಮಯದಲ್ಲಿ ಒಂದು ಪಾಲು ಮಾತ್ರ ಹಾಗೆ ಬಿಡುತ್ತಿದ್ದರಿಂದ ಸರಾಸರಿ ತೆಗೆದರೆ ಅಂತರ ಅಷ್ಟಿಲ್ಲ ಎಂಬುದೂ ನಿಜ. ಆದರೂ ಕಡಿಮೆ ಬ್ಯಾಂಡು, ಮಾತಿಗಷ್ಟೇ ಸೀಮಿತವಾದ ಕೆಲಸ ಎರಡೂ ಸೇರಿ ಅದಕ್ಕೆ ಅನುಕೂಲವಾಗಿತ್ತು. ಇವತ್ತು ಅದೇ ಸೆಟ್ಟನ್ನು ಹುಡುಕಿ ತಂದರೂ ಅದೇ ಮೂಲೆಯಲ್ಲಿ ಹಿಡಿಯುತ್ತದೆಂಬ ಖಾತರಿಯಿಲ್ಲ, ಯಾಕೆಂದರೆ 2ಜಿಗೆ ಮೀಸಲಾಗಿದ್ದ ತರಂಗಾಂತರದಲ್ಲಿ ಒಂದಿಷ್ಟನ್ನು ಈ ನಡುವೆ 4ಜಿಗೆ ಕೊಟ್ಟಿರಬಹುದು.

ಮೇಲ್ದರ್ಜೆಗೇರಿಸುವುದು ಎಂದಾಗ ಜಾಹೀರಾತು ಹೇಳುವುದು ಸೇರಿಸಿದ್ದನ್ನು. ಬಳಸುವವರು ಕೇಳಬೇಕಾದದ್ದು ತೆಗೆದದ್ದು ಯಾವುದು ಎಂದು. ತರಂಗಾಂತರ ಹರಾಜಿನಲ್ಲಿ ಕೊಳ್ಳುವ, ಮಿತಿಯಿರುವ ಸರಕು. ಹೊಸದಕ್ಕೆ ಜಾಗ ಮಾಡಬೇಕೆಂದರೆ ಎಷ್ಟೋ ಸಲ ಹಳೆಯದನ್ನು ಎಬ್ಬಿಸಬೇಕಾಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ಶುರುವಾದ ಜಿಯೊದಲ್ಲಿ 2ಜಿ, 3ಜಿ ಎರಡೂ ಇರಲೇ ಇಲ್ಲ, ಮಾತು ಕೂಡ 4ಜಿಯಲ್ಲೇ ಹೋಗಬೇಕಿತ್ತು. ಏರ್‌ಟೆಲ್ 2020ರ ಹೊತ್ತಿಗೆ ದೇಶದಲ್ಲಿ 3ಜಿ ನಿಲ್ಲಿಸಿತು. 4ಜಿ ಇದ್ದರೂ ಮಾತನ್ನು 4ಜಿಯಲ್ಲೇ ಸಾಗಿಸುವ ವೋಎಲ್‌ಟಿಇ ಇಲ್ಲದ, ಅಥವಾ ಇದ್ದೂ ಆ ಸಿಮ್ ಕಂಪನಿಗೆ ಹೊಂದದ ಫೋನುಗಳು ಆಗ ಸಿಕ್ಕಿಬಿದ್ದವು: ನೆಟ್ ಸರಿಯಾಗಿಯೇ ಓಡುತ್ತದೆ, ಕರೆ ಬಂದ ತಕ್ಷಣ ಮೇಲಿನ 4ಜಿ ಗುರುತು ಮಾಯವಾಗಿ 2ಜಿಯ ‘ಇ’ ಅಕ್ಷರ ಕಾಣಿಸಿಕೊಳ್ಳುತ್ತದೆ, ಮಾತು ಮುಗಿಯುವ ತನಕ ವಾಟ್ಸ್‌ಆ್ಯಪ್ ನಿಶ್ಚಲ. ಈ ಲಕ್ಷಣ ಕಂಡರೆ ಹೊಸ ಫೋನಿಗೆ ಓಡುವ ಮೊದಲು ಸೆಟ್ಟಿಂಗ್ಸಿನಲ್ಲಿ ವೋಎಲ್‌ಟಿಇ ಗುಂಡಿ ಆನ್ ಇದೆಯೇ, ಫೋನಿನ ಅಪ್‌ಡೇಟ್ ಬಾಕಿ ಇದೆಯೇ ನೋಡಬೇಕು. ಇದು ನಮ್ಮಲ್ಲಿಗೆ ಮಾತ್ರ ಸೀಮಿತವಾದ ರಗಳೆಯಲ್ಲ. ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ 2022ರ ಫೆಬ್ರುವರಿಯಲ್ಲಿ 3ಜಿ ನಿಲ್ಲಿಸಿತು. ಅದು ಒಪ್ಪಿದ ಪಟ್ಟಿಯಲ್ಲಿಲ್ಲದ ಫೋನುಗಳಿಗೆ ಕರೆ ಸೌಲಭ್ಯವೇ ತಪ್ಪಿತು. ಮಕ್ಕಳ ಮನೆಗೆಂದು ಇಲ್ಲಿಂದ ಫೋನ್ ಹಿಡಿದು ಹೋಗುವ ತಂದೆತಾಯಿ ಅಲ್ಲಿಯ ಸಿಮ್ ಹಾಕುವ ಮುಂಚೆ ತಿಳಿದಿರಬೇಕಾದ ವಿಷಯ ಇದು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ 28ರಂದು ಟೆಲ್‌ಸ್ಟ್ರಾ ಮತ್ತು ಆಪ್ಟಸ್ 3ಜಿ ಮುಚ್ಚಲು ಹೊರಟಾಗ ಇನ್ನೂ ಸೂಕ್ಷ್ಮವಾದ ತೊಡಕು ಎದುರಾಯಿತು. ದಿನನಿತ್ಯದ ಕರೆಯನ್ನು 4ಜಿಯಲ್ಲೇ ಮಾಡುವ ಕೆಲವು ಫೋನುಗಳು ತುರ್ತು ಸಂಖ್ಯೆ 000ಕ್ಕೆ ಮಾತ್ರ 3ಜಿಗೆ ಇಳಿಯುವಂತೆ ರೂಪಿಸಲ್ಪಟ್ಟಿದ್ದವು. ದಿನವೂ ಚೆನ್ನಾಗಿ ಕೆಲಸ ಮಾಡುವ ಫೋನು ಆಪತ್ತಿನ ದಿನ ಕೈಕೊಡುತ್ತಿತ್ತು. ಅಂಥ ಫೋನುಗಳಿಗೆ ನೆಟ್‌ವರ್ಕನ್ನೇ ಕೊಡಬಾರದು ಎಂಬ ನಿಯಮ ತರಬೇಕಾಯಿತು.

5ಜಿಯ ಕಥೆಯೂ ಇದೇ ವಾದಕ್ಕೆ ಪುಷ್ಟಿ ಕೊಡುತ್ತದೆ. 2022ರ ಅಕ್ಟೋಬರ್ 1ರಂದು ದೆಹಲಿಯಲ್ಲಿ ಸೇವೆ ಉದ್ಘಾಟನೆಯಾದಾಗ ಸಾಕಷ್ಟು ಜನರ ಕೈಯಲ್ಲಿ 5ಜಿ ಫೋನು ಇತ್ತು, ತಲೆಯ ಮೇಲೆ 5ಜಿ ಟವರೂ ಇತ್ತು, ಎರಡೂ ಪರಸ್ಪರ ಮಾತಾಡುತ್ತಿರಲಿಲ್ಲ. ತಯಾರಕರು ತಂತ್ರಾಂಶದಲ್ಲಿ ಬಾಗಿಲು ತೆರೆಯಬೇಕಿತ್ತು. ಐಫೋನುಗಳಿಗೆ ಆ ಅಪ್‌ಡೇಟ್ ಬಂದದ್ದು ಡಿಸೆಂಬರಿನಲ್ಲಿ. ಫೋನೂ ಕೆಟ್ಟಿರಲಿಲ್ಲ, ಟವರೂ ಕೆಟ್ಟಿರಲಿಲ್ಲ. ಇನ್ನು 5ಜಿ ಬಂದ ಊರುಗಳ ಅಂಚಿನಲ್ಲಿ ಇನ್ನೊಂದು ಬಗೆಯ ಕಾಟ. ನಮ್ಮಲ್ಲಿ 5ಜಿ ಹೆಚ್ಚಾಗಿ ನಿಂತಿರುವುದು 3300 ಮೆಗಾಹರ್ಟ್ಸಿನ ಸುತ್ತಲಿನ ಬ್ಯಾಂಡಿನ ಮೇಲೆ. ಅದರ ಕೈ ಗಿಡ್ಡ. ಅಂಚಿನಲ್ಲಿರುವ ಮನೆಯೊಳಗೆ ಫೋನು 5ಜಿಗೆ ಹತ್ತುತ್ತದೆ, ಜಾರುತ್ತದೆ, ಮತ್ತೆ ಹತ್ತುತ್ತದೆ. ಬ್ಯಾಟರಿ ಸಂಜೆಯೊಳಗೆ ಖಾಲಿ, ಕರೆ ನಡುವೆ ಕಡಿತ. ಇದಕ್ಕೆ ಮದ್ದು ಪುಕ್ಕಟೆಯದು: ಮನೆಯಲ್ಲಿದ್ದಾಗ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಇಳಿಸಿಡುವುದು. ‘5ಜಿ ಫೋನಿಗೆ ದುಡ್ಡು ಕೊಟ್ಟು 4ಜಿಯಲ್ಲಿ ಇಡುವುದೇ?’ ಎಂದು ಮೂಗು ಮುರಿಯುವವರಿದ್ದಾರೆ. ಫೋನ್ ಕೊಂಡದ್ದು ಮಾತಾಡಲಿಕ್ಕೋ ಮೇಲಿನ ಗುರುತು ನೋಡಲಿಕ್ಕೋ ಎಂದು ಅವರೇ ಹೇಳಬೇಕು.

ಮಲೆನಾಡು, ಉತ್ತರ ಕನ್ನಡದ ಎಷ್ಟೋ ಕಣಿವೆಗಳಲ್ಲಿ ಆಸರೆಯಾಗಿರುವ ಬಿಎಸ್‌ಎನ್‌ಎಲ್ ವಿಷಯದಲ್ಲಿ ಈ ಪಾಠ ಇನ್ನೂ ನೇರವಾಗಿ ಅನ್ವಯಿಸುತ್ತದೆ. ಟಿಸಿಎಸ್, ಸಿ-ಡಾಟ್ ಮತ್ತು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಕಟ್ಟಿದ ಸ್ವದೇಶಿ 4ಜಿ 2025ರ ಸೆಪ್ಟೆಂಬರಿನಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ‘ಟವರಿಗೆ 4ಜಿ ಬಂದಿದೆಯಂತೆ, ನನ್ನ ಫೋನಿಗೆ ಬಂದಿಲ್ಲ’ ಎಂಬವರು ಮೊದಲು ನೋಡಬೇಕಾದದ್ದು ಸಿಮ್ಮನ್ನು. 2ಜಿ, 3ಜಿ ಕಾಲದ ಹಳೆಯ ಸಿಮ್ಮನ್ನು 4ಜಿ ಸಿಮ್ಮಿಗೆ ಬದಲಿಸಿಕೊಳ್ಳದೆ ಏನು ಮಾಡಿದರೂ ಫಲವಿಲ್ಲ. ಎರಡನೆಯದು ಬ್ಯಾಂಡು. ಬಿಎಸ್‌ಎನ್‌ಎಲ್ 4ಜಿ ಬಳಸುವ ಬ್ಯಾಂಡುಗಳಲ್ಲಿ ದೂರ ಸಾಗುವ 700 ಮೆಗಾಹರ್ಟ್ಸಿಗೆ ತಾಂತ್ರಿಕ ಭಾಷೆಯಲ್ಲಿ ಬ್ಯಾಂಡ್ 28 ಎನ್ನುತ್ತಾರೆ. ಫೋನಿನ ವಿವರಪಟ್ಟಿಯಲ್ಲಿ 5ಜಿ ಸಾಲಿನಲ್ಲಿ ಎನ್28 ಇದ್ದ ಮಾತ್ರಕ್ಕೆ 4ಜಿ ಸಾಲಿನಲ್ಲೂ 28 ಇರುತ್ತದೆ ಎಂದು ತಿಳಿಯಬಾರದು. ಎರಡನ್ನೂ ಬೇರೆ ಬೇರೆಯಾಗಿ ಓದಬೇಕು. ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿದರೆ ಹುಡುಗರು ಥಟ್ಟನೆ ಹೇಳುತ್ತಾರೆ, ಬ್ಯಾಂಡ್ 28 ಇದೆಯೇ ಎಂದರೆ ಮುಖ ನೋಡುತ್ತಾರೆ. ತಯಾರಕರ ಜಾಲತಾಣದಲ್ಲಿ ಆ ಮಾದರಿಯ ಭಾರತದ ಆವೃತ್ತಿಯ ಪಟ್ಟಿ ತೆರೆದು ನೋಡುವುದೇ ದಾರಿ. ದುಬೈಯಿಂದಲೋ ಅಮೆರಿಕದಿಂದಲೋ ಯಾರೋ ತಂದುಕೊಟ್ಟ ಫೋನಿಗಂತೂ ಈ ತಪಾಸಣೆ ಕಡ್ಡಾಯ, ಹೆಸರು ಒಂದೇ ಇದ್ದರೂ ಬ್ಯಾಂಡುಗಳು ಬೇರೆ ಇರಬಹುದು.

ಇಷ್ಟೆಲ್ಲ ತಲೆಬಿಸಿ ಯಾಕೆ, ಪೋರ್ಟ್ ಮಾಡಿಬಿಟ್ಟರಾಯಿತು ಎನ್ನುವವರು ಬಹಳ. ನಂಬರ್ ಬದಲಾಗದೆ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದುದ್ದಕ್ಕೂ ಇದೆ, ಒಳ್ಳೆಯದೇ. ಆದರೆ ಒಮ್ಮೆ ಹೋದ ಕಡೆ 90 ದಿನ ಇರಲೇಬೇಕು. ಮಳೆಗಾಲದ ಆರಂಭದಲ್ಲಿ ತಪ್ಪು ಕಡೆ ಹಾರಿದವರಿಗೆ ಚೌತಿ ಹಬ್ಬದ ತನಕ ಅದೇ ಗತಿಯಾಗಬಹುದು. ಎರಡು ಸಿಮ್ಮಿನ ಫೋನು ಮನೆಮನೆಯಲ್ಲಿರುವಾಗ ಇನ್ನೊಂದು ಕಂಪನಿಯ ಸಿಮ್ಮನ್ನು ಚಿಕ್ಕ ರೀಚಾರ್ಜಿನಲ್ಲಿ ಎರಡನೆಯ ಜಾಗಕ್ಕೆ ಹಾಕಿ, ಮಲಗುವ ಕೋಣೆ, ಹಟ್ಟಿ, ತೋಟ, ದಿನಾ ಹೋಗುವ ದಾರಿ ಎಲ್ಲ ಕಡೆ ಅಳತೆ ನೋಡಿ ಆಮೇಲೆ ಪೋರ್ಟ್ ಮಾಡುವುದು ಬುದ್ಧಿವಂತಿಕೆ. ಬೂಸ್ಟರ್ ಹಾಕಿಸುವ ಸಲಹೆ ಕೊಡುವವರೂ ಇದ್ದಾರೆ. ಪರವಾನಗಿಯಿಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಜತೆಗೆ ಅಗ್ಗದ ಬೂಸ್ಟರು ಗದ್ದಲವನ್ನೂ ಹಿಗ್ಗಿಸಿ ಟವರಿನ ಕಿವಿಗೆ ತುಂಬುವುದರಿಂದ ನೆರೆಮನೆಯವರ ಮಾತೂ ಕೆಡುತ್ತದೆ. ಅದರ ಬದಲು ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಇದೆ. 2019ರ ಕೊನೆ, 2020ರ ಆರಂಭದಿಂದ ನಮ್ಮಲ್ಲಿ ಸಿಗುತ್ತಿರುವ ಈ ಸೌಲಭ್ಯ ಆನ್ ಮಾಡಿದರೆ ಒಳಕೋಣೆಯಿಂದಲೂ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು.

ಗಟ್ಟಿಯಾದ ಆಕ್ಷೇಪ ಒಂದೇ: ದುಡ್ಡು ಕೊಡುವ ಗ್ರಾಹಕ ಡಿಬಿಎಂ ಓದುವುದು ಯಾಕೆ ಕಲಿಯಬೇಕು, ಸಿಗ್ನಲ್ ಕೊಡುವುದು ಕಂಪನಿಯ ಹೊಣೆಯಲ್ಲವೇ? ಹೊಣೆ ಅವರದೇ, ಸಂಶಯವಿಲ್ಲ. ಆನ್‌ಲೈನ್ ಪಾಠಕ್ಕೆಂದು ಮಕ್ಕಳು ಗುಡ್ಡ ಹತ್ತಿದ್ದನ್ನು ಕೋವಿಡ್ ವರ್ಷಗಳಲ್ಲಿ ಇಡೀ ನಾಡು ನೋಡಿದೆ. ಆ ಮಕ್ಕಳಿಗೆ ಬ್ಯಾಂಡಿನ ಪಾಠ ಹೇಳುವುದು ಕ್ರೌರ್ಯ. ಟವರೇ ಇಲ್ಲದ ಕಡೆ ಇಲ್ಲಿ ಹೇಳಿದ ಯಾವ ಉಪಾಯವೂ ನಡೆಯುವುದಿಲ್ಲ. ಆದರೆ ಟವರು ಇದ್ದೂ ಸಿಗ್ನಲ್ ಇಲ್ಲದ ಕಡೆ ಹೊಣೆಯನ್ನು ಅವರ ತಲೆಗೆ ಕಟ್ಟಲಿಕ್ಕೂ ಅಳತೆಯೇ ಬೇಕು. 2024ರ ಅಕ್ಟೋಬರಿನಿಂದ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮಗಳ ಪ್ರಕಾರ ಕಂಪನಿಗಳು ಎಲ್ಲೆಲ್ಲಿ ಯಾವ ಸೇವೆ ಇದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ನಕ್ಷೆಯಲ್ಲಿ ಬಣ್ಣ ಬಳಿದ ಜಾಗದಲ್ಲಿ ಫೋನು ಮೈನಸ್ 118 ತೋರಿಸಿದರೆ ದೂರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಟ್ರಾಯ್ ಬಿಡಿಬಿಡಿ ಗ್ರಾಹಕರ ದೂರು ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಕಂಪನಿಯ ಸಹಾಯವಾಣಿಯಲ್ಲಿ ದೂರು ಸಂಖ್ಯೆ ಪಡೆದು, ಉತ್ತರ ಸರಿಯೆನಿಸದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ‘ನೆಟ್‌ವರ್ಕ್ ಸರಿ ಇಲ್ಲ’ ಎಂದಷ್ಟೇ ಬರೆದರೆ ಫೋನ್ ರೀಸ್ಟಾರ್ಟ್ ಮಾಡಿ ಎಂಬ ಉತ್ತರ ಬರುತ್ತದೆ. ಜಾಗ, ದಿನ, ಹೊತ್ತು, ಡಿಬಿಎಂ, ಹಿಡಿದ ಬ್ಯಾಂಡು, ಎರಡು ಫೋನಿನಲ್ಲಿ ಒಂದೇ ಫಲಿತಾಂಶ ಬಂದದ್ದು ಇಷ್ಟನ್ನೂ ಬರೆದರೆ ದೂರು ತಾಂತ್ರಿಕ ವಿಭಾಗದವರ ಮೇಜಿಗೆ ಹೋಗುವ ಸಂಭವ ಹೆಚ್ಚು. ಕರೆಂಟು ಹೋದ ಮೇಲೆ ಎಷ್ಟು ಹೊತ್ತಿಗೆ ಸಿಗ್ನಲ್ ಹೋಗುತ್ತದೆ ಎಂಬುದನ್ನೂ ಅದರಲ್ಲಿ ತಪ್ಪದೆ ನಮೂದಿಸಬೇಕು. ಆಷಾಢದ ಗಾಳಿಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದು, ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನ ಬಳಿಕ ಊರಿಗೆ ಊರೇ ನೆಟ್‌ವರ್ಕ್ ಕಳೆದುಕೊಳ್ಳುತ್ತಿದ್ದರೆ, ಬದಲಾಗಬೇಕಾದದ್ದು ಟವರಿನ ಬುಡದಲ್ಲಿರುವ ಬ್ಯಾಟರಿ.