ನೀರಿನ ಬಿಲ್ಲಿನಲ್ಲಿ ಇರುವುದು, ಇಲ್ಲದಿರುವುದು: 8ನೇ ತರಗತಿಗೆ ಒಂದು ಗಣಿತ–ವಿಜ್ಞಾನ ಪಾಠ

ಪೀಠಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಶಾಲೆಗಳಲ್ಲಿ ಅಭ್ಯಾಸ ಬೋಧನೆ ಮಾಡುವ ನಮಗೆ ಏಕಮಾನ, ಅನುಪಾತ ಮತ್ತು ಸರಾಸರಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಎಷ್ಟು ಕೊಡ ತುಂಬುತ್ತವೆ ಎಂಬುದು ನಮ್ಮ ಮಕ್ಕಳಿಗೆ ಬಾಯಿಪಾಠ. ನೀರು ಬರುವ ದಿನ ಶಾಲೆಗೆ ತಡವಾಗಿ ಬರುವ ಮಕ್ಕಳೂ ಇದ್ದಾರೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಇಂಥ ಕಡೆ ಸುಲಭವಾಗಿ ಸಾಧ್ಯವಾಗುತ್ತದೆ.

ಬಿಲ್ಲಿನ ಲೆಕ್ಕ ಮಾಡಿಸಿ ನಿಲ್ಲಿಸಿದರೆ ಪಾಠ ಅರ್ಧವಾಗುತ್ತದೆ. ಸಣ್ಣ ಪಟ್ಟಣಗಳಲ್ಲಿ ಮೀಟರ್ ಇಲ್ಲದ ನಳ ಬಹಳ. ಅಂಥ ಮನೆಯ ಬಿಲ್ಲು ಎಷ್ಟು ಹಣ ಕಟ್ಟಬೇಕೆಂದು ಹೇಳುತ್ತದೆ, ಎಷ್ಟು ನೀರು ಬಂತೆಂದು ಹೇಳುವುದಿಲ್ಲ. ಆ ಎರಡನೆಯ ಸಂಖ್ಯೆಯನ್ನು ಮಕ್ಕಳೇ ಅಳೆದು ತರುವಂತೆ ಮಾಡುವುದು ಈ ಪಾಠದ ತಿರುಳು.

ಪಾಠದ ವಿವರ

ತರಗತಿ: 8. ಅವಧಿ: 40 ನಿಮಿಷಗಳ ಎರಡು ಅವಧಿ, ನಡುವೆ ಒಂದು ವಾರದ ಅಳತೆಯ ಚಟುವಟಿಕೆ. ಮಾದರಿ: 5 ಇ.

ಕಲಿಕಾ ಫಲಗಳು:
1. ಲೀಟರ್, ಕಿಲೋಲೀಟರ್ ಮತ್ತು ಘನ ಮೀಟರ್‌ಗಳ ಸಂಬಂಧ ತಿಳಿಯುವುದು.
2. ಹಂತವಾರು ದರದ ಬಿಲ್ಲನ್ನು ಲೆಕ್ಕ ಮಾಡುವುದು.
3. ನೀರಿನ ಹರಿವನ್ನು ಅಳೆದು, ಒಬ್ಬರಿಗೆ ದಿನಕ್ಕೆ ಸಿಗುವ ನೀರನ್ನು ಕಂಡುಹಿಡಿಯುವುದು.
4. ಅಳತೆಯ ಆಧಾರದ ಮೇಲೆ ಒಂದು ಮನವಿ ಬರೆಯುವುದು.

ಸಾಮಗ್ರಿ: ಎರಡು ಮಾದರಿ ಬಿಲ್ಲು, ಒಂದು ಲೀಟರಿನ ಅಳತೆ ಪಾತ್ರೆ, ಕೊಡ, ಗಡಿಯಾರ, ಮೀಟರ್ ಅಳತೆಯ ನಾಲ್ಕು ಕೋಲು.

ಒಂದು ಮುನ್ನೆಚ್ಚರಿಕೆ. ಮಕ್ಕಳಿಗೆ ಮನೆಯ ಬಿಲ್ಲು ತರಲು ಹೇಳಬಾರದು. ಬಿಲ್ಲಿನಲ್ಲಿ ಬಾಕಿ ಇರುತ್ತದೆ, ಹೆಸರು ಇರುತ್ತದೆ. ಕೆಲವರ ಮನೆಗೆ ನಳವೇ ಇರುವುದಿಲ್ಲ. ಯಾರ ಮನೆಯ ಸ್ಥಿತಿಯೂ ತರಗತಿಯ ಎದುರು ಬರದಂತೆ, ಶಿಕ್ಷಕರೇ ಬಿಲ್ಲು ಬರೆದು ಒಯ್ಯಬೇಕು. ಕೆಳಗಿನ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವ ಊರಿನ ದರವೂ ಅಲ್ಲ.

ಮೊದಲ ಅವಧಿ: ಬಿಲ್ಲು ಓದುವುದು

ತೊಡಗಿಸುವಿಕೆ: “ಒಂದು ಕಿಲೋಲೀಟರ್ ಅಂದರೆ ಎಷ್ಟು ಕೊಡ?” ಎಂದು ಕೇಳಿ, ಊಹೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ನಂತರ ಕೊಡವನ್ನು ಲೀಟರ್ ಪಾತ್ರೆಯಿಂದ ತುಂಬಿಸಿ ಅಳೆಯಿಸಿ. ಕೊಡಕ್ಕೆ 15 ಲೀಟರ್ ಹಿಡಿದರೆ 1,000 ಲೀಟರಿಗೆ ಸುಮಾರು 67 ಕೊಡ. ತರಗತಿಯ ಮೂಲೆಯಲ್ಲಿ ನೆಲದ ಮೇಲೆ ಒಂದು ಮೀಟರ್ ಚೌಕ ಬರೆದು, ಮೂಲೆಗಳಿಗೆ ಕೋಲು ನಿಲ್ಲಿಸಿದರೆ ಒಂದು ಘನ ಮೀಟರ್ ಕಣ್ಣಿಗೆ ಕಾಣುತ್ತದೆ. ಬಿಲ್ಲಿನಲ್ಲಿ ‘1’ ಎಂದು ಬರೆದದ್ದು ಇಷ್ಟು ನೀರು.

ಬಿಲ್ಲು ‘ಅ’, ಮೀಟರ್ ಇರುವ ಮನೆ:
ಹಿಂದಿನ ಮಾಪನ 412, ಈಗಿನ ಮಾಪನ 433, ಬಳಕೆ 21 ಕಿಲೋಲೀಟರ್.
ಮೊದಲ 8 ಕಿಲೋಲೀಟರಿಗೆ 7 ರೂ.ನಂತೆ: 56 ರೂ.
ಮುಂದಿನ 7 ಕಿಲೋಲೀಟರಿಗೆ 9 ರೂ.ನಂತೆ: 63 ರೂ.
ಉಳಿದ 6 ಕಿಲೋಲೀಟರಿಗೆ 11 ರೂ.ನಂತೆ: 66 ರೂ.
ಈ ತಿಂಗಳದ್ದು 185 ರೂ., ಹಿಂದಿನ ಬಾಕಿ 370 ರೂ., ಒಟ್ಟು 555 ರೂ.

ಇಲ್ಲಿ ಎರಡು ತಪ್ಪು ಗ್ರಹಿಕೆಗಳನ್ನು ನಿರೀಕ್ಷಿಸಬಹುದು. ಮೊದಲನೆಯದು, ಬಳಕೆ ಕೊನೆಯ ಹಂತ ಮುಟ್ಟಿದ್ದರಿಂದ ಎಲ್ಲ ನೀರಿಗೂ 11 ರೂ. ಹಾಕಿ 231 ರೂ. ಎನ್ನುವುದು. ಮೆಟ್ಟಿಲಿನ ಚಿತ್ರ ಬರೆದು, ಪ್ರತಿ ಮೆಟ್ಟಿಲಿನ ನೀರಿಗೆ ಆ ಮೆಟ್ಟಿಲಿನದೇ ದರ ಎಂದು ತೋರಿಸಬೇಕು. ಎರಡನೆಯದು, 555 ರೂ.ಯನ್ನು ಒಂದೇ ತಿಂಗಳ ಖರ್ಚು ಎಂದು ತಿಳಿಯುವುದು. ಬಾಕಿಯನ್ನು ಬೇರೆ ಮಾಡಿ ಓದಲು ಕಲಿತ ಮಗು ಮನೆಯಲ್ಲಿ ಹಿರಿಯರಿಗೂ ಬಿಲ್ಲು ಓದಿ ಹೇಳಬಲ್ಲದು.

ಬಿಲ್ಲು ‘ಆ’, ಮೀಟರ್ ಇಲ್ಲದ ಮನೆ: ತಿಂಗಳಿಗೆ 120 ರೂ., ವರ್ಷಕ್ಕೆ 1,440 ರೂ. ಇಷ್ಟೇ. “ಈ ಮನೆಗೆ ನೀರಿನ ದರ ಎಷ್ಟು?” ಎಂಬ ಪ್ರಶ್ನೆಗೆ ಬಿಲ್ಲಿನಲ್ಲಿ ಉತ್ತರವಿಲ್ಲ. ಈ ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಅವಧಿ ಮುಗಿಸಬೇಕು.

ನಡುವಿನ ವಾರ: ಅನ್ವೇಷಣೆ

ಮಕ್ಕಳು ಐದೈದು ಜನರ ಗುಂಪಾಗಿ, ಗುಂಪಿನಲ್ಲಿ ಒಪ್ಪಿದ ಒಂದು ನಳವನ್ನು ಆರಿಸಿಕೊಳ್ಳುತ್ತಾರೆ. ಅದು ಮನೆಯದು, ಓಣಿಯದು ಅಥವಾ ಶಾಲೆಯದು ಆಗಬಹುದು. ನೀರು ಬಂದ ದಿನ, ಬಂದ ಸಮಯ, ನಿಂತ ಸಮಯ ಮತ್ತು ಒಂದು ಕೊಡ ತುಂಬಲು ಹಿಡಿದ ಸೆಕೆಂಡುಗಳನ್ನು ಬರೆಯುತ್ತಾರೆ. ಕೊಡದ ಅಳತೆಯನ್ನು ಮೂರು ಸಲ ತೆಗೆದುಕೊಂಡು ಸರಾಸರಿ ಹಾಕಬೇಕು. ಶುರುವಿನಲ್ಲಿ, ನಡುವೆ ಮತ್ತು ನಿಲ್ಲುವ ಮೊದಲು ಒತ್ತಡ ಬೇರೆ ಬೇರೆ ಇರುತ್ತದೆ. ಹಾಳೆಯ ಮೇಲೆ ಗುಂಪಿನ ಸಂಖ್ಯೆ ಮಾತ್ರ ಇರಲಿ, ಮನೆಯ ಹೆಸರು ಬೇಡ. ಅಳೆದ ನೀರು ಚೆಲ್ಲಬಾರದು.

ಎರಡನೆಯ ಅವಧಿ: ವಿವರಣೆ ಮತ್ತು ವಿಸ್ತರಣೆ

ಗುಂಪುಗಳ ಅಳತೆಗೆ ಮೊದಲು ಈ ಮಾದರಿ ಬಿಡಿಸಿರಿ. ಎರಡೂ ಮನೆಗಳಲ್ಲಿ ಐದೈದು ಜನ. ಎರಡಕ್ಕೂ ಐದು ದಿನಕ್ಕೊಮ್ಮೆ, ಎರಡು ತಾಸು ನೀರು. ಎರಡಕ್ಕೂ ತಿಂಗಳಿಗೆ 120 ರೂ.

ಮನೆ 1, ಪೈಪಿನ ಆರಂಭದಲ್ಲಿ: ಕೊಡ ಒಂದು ನಿಮಿಷಕ್ಕೆ ತುಂಬುತ್ತದೆ. ಎರಡು ತಾಸಿಗೆ 120 ಕೊಡ, 1,800 ಲೀಟರ್. ತಿಂಗಳಿಗೆ ಆರು ಸಲ, 10,800 ಲೀಟರ್. ಒಬ್ಬರಿಗೆ ದಿನಕ್ಕೆ 72 ಲೀಟರ್. ಕಿಲೋಲೀಟರಿಗೆ ಬಿದ್ದ ದರ ಸುಮಾರು 11 ರೂ.

ಮನೆ 2, ಪೈಪಿನ ತುದಿಯಲ್ಲಿ: ಕೊಡ ತುಂಬಲು ಮೂರು ನಿಮಿಷ. ಎರಡು ತಾಸಿಗೆ 40 ಕೊಡ, 600 ಲೀಟರ್. ತಿಂಗಳಿಗೆ 3,600 ಲೀಟರ್. ಒಬ್ಬರಿಗೆ ದಿನಕ್ಕೆ 24 ಲೀಟರ್. ಕಿಲೋಲೀಟರಿಗೆ ಸುಮಾರು 33 ರೂ.

ಬಿಲ್ಲು ಒಂದೇ, ನೀರಿನ ದರ ಮೂರು ಪಟ್ಟು. ಸಮಯ ಹೆಚ್ಚಾದಷ್ಟು ಹರಿವು ಕಡಿಮೆ ಎಂಬ ವಿಲೋಮ ಅನುಪಾತವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಲೆಕ್ಕ ನನಗೆ ಸಿಕ್ಕಿಲ್ಲ. ಇದೇ ಜಾಡಿನಲ್ಲಿ ನಳವಿಲ್ಲದ ಮನೆಯ ಲೆಕ್ಕ ಮಾಡಿಸಿರಿ: 5,000 ಲೀಟರಿನ ಟ್ಯಾಂಕರಿಗೆ 600 ರೂ. ಆದರೆ ಕಿಲೋಲೀಟರಿಗೆ 120 ರೂ.; 20 ಲೀಟರಿನ ಕ್ಯಾನಿಗೆ 5 ರೂ. ಆದರೆ 250 ರೂ. ಟ್ಯಾಂಕರ್ ಮತ್ತು ಕ್ಯಾನಿನ ದರವನ್ನು ನಿಮ್ಮ ಊರಿನದೇ ಹಾಕಿಕೊಳ್ಳಿ. ನೀರು ಕಡಿಮೆ ಸಿಗುವವರೇ ಲೀಟರಿಗೆ ಹೆಚ್ಚು ಕೊಡುತ್ತಾರೆ ಎಂಬುದನ್ನು ಶಿಕ್ಷಕರು ಹೇಳಬೇಕಾಗಿಲ್ಲ, ಕೋಷ್ಟಕವೇ ಹೇಳುತ್ತದೆ.

ಹೋಲಿಕೆಗೆ ಮೂರು ಮಾನದಂಡ ಕೊಡಿ. ಒಳಚರಂಡಿ ಇರುವ ಪಟ್ಟಣಕ್ಕೆ ಒಬ್ಬರಿಗೆ ದಿನಕ್ಕೆ 135 ಲೀಟರ್. ನಳ ಇದ್ದು ಒಳಚರಂಡಿ ಇಲ್ಲದ ಪಟ್ಟಣಕ್ಕೆ 70 ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಮನೆಗೆ 55 ಲೀಟರ್. ಮನೆ 2ರ 24 ಲೀಟರ್ ಈ ಯಾವುದನ್ನೂ ಮುಟ್ಟುವುದಿಲ್ಲ.

ಮಕ್ಕಳು ಕೇಳುವ ಪ್ರಶ್ನೆ

“ಸರ್, ಆಲಮಟ್ಟಿ ತುಂಬಿದ್ರೂ ನಮ್ಮ ನಳಕ್ಕ ಯಾಕ ದಿನಾ ನೀರು ಬರೂದಿಲ್ರಿ?” ಈ ಪ್ರಶ್ನೆ ನಮ್ಮ ಜಿಲ್ಲೆಯ ಯಾವ ತರಗತಿಯಲ್ಲೂ ಬರುತ್ತದೆ. ಉತ್ತರವನ್ನೂ ಲೆಕ್ಕದಿಂದಲೇ ಹುಡುಕಬಹುದು.

ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.6 ಮೀಟರ್, ಆಗ ಸಂಗ್ರಹ ಸುಮಾರು 123 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. 40 ಸಾವಿರ ಜನರ ಊರಿಗೆ ತಲಾ 135 ಲೀಟರಿನಂತೆ ದಿನಕ್ಕೆ 54 ಲಕ್ಷ ಲೀಟರ್, ವರ್ಷಕ್ಕೆ ಸುಮಾರು 197 ಕೋಟಿ ಲೀಟರ್ ಬೇಕು. ಸೋರಿಕೆ, ಆವಿ ಬಿಟ್ಟು ನೋಡಿದರೆ ಒಂದೇ ಟಿಎಂಸಿ ಅಂಥ ಊರಿಗೆ 14 ವರ್ಷ ಸಾಕು. ಅಂದರೆ ಕುಡಿಯುವ ನೀರಿನ ಕೊರತೆಗೆ ಕಾರಣವನ್ನು ಜಲಾಶಯದಲ್ಲಿ ಮಾತ್ರ ಹುಡುಕಿದರೆ ಸಾಲದು. ಜಾಕ್‌ವೆಲ್, ಪಂಪು, ವಿದ್ಯುತ್, ಶುದ್ಧೀಕರಣ ಘಟಕ, ಮೇಲ್ತೊಟ್ಟಿ, ಪೈಪು ಇವುಗಳಲ್ಲೂ ಹುಡುಕಬೇಕು. ಇಂಡಿ, ಸಿಂದಗಿ ಕಡೆಯ ಮಕ್ಕಳು ಭೀಮಾ ನದಿಯನ್ನು ಹೆಸರಿಸುತ್ತಾರೆ. ಬೇಸಿಗೆಯಲ್ಲಿ ಅದರ ಹರಿವು ಕಡಿಮೆಯಾಗುವುದರಿಂದ ಅಲ್ಲಿ ನದಿಯ ಮಾತನ್ನೂ ಸೇರಿಸಬೇಕು.

ನದಿ ಕೆಳಗೆ, ಊರು ಮೇಲೆ. ಒಂದು ಕಿಲೋಲೀಟರ್ ನೀರನ್ನು 100 ಮೀಟರ್ ಎತ್ತಲು ಬೇಕಾದ ಶಕ್ತಿ 1,000 × 9.8 × 100, ಅಂದರೆ 9,80,000 ಜೂಲ್, ಸುಮಾರು 0.27 ಯೂನಿಟ್. ಪಂಪಿನ ದಕ್ಷತೆ ಶೇ. 60 ಎಂದುಕೊಂಡರೆ 0.45 ಯೂನಿಟ್. ಬಿಲ್ಲಿನ ಹಣ ಎಲ್ಲಿಗೆ ಹೋಗುತ್ತದೆ, ಬಿಲ್ಲು ಕಟ್ಟದಿದ್ದರೆ ಏನು ನಿಲ್ಲುತ್ತದೆ ಎಂಬುದಕ್ಕೆ ಇದು ಆಧಾರ. ಆಲಂ, ಕ್ಲೋರಿನ್ ಮತ್ತು ದುರಸ್ತಿಯ ಖರ್ಚು ಇದರ ಮೇಲೆ.

ವಿಜ್ಞಾನದ ಜೋಡಣೆ

ಐದು ದಿನದ ನೀರು ಹೌದಿನಲ್ಲಿ, ಬ್ಯಾರೆಲ್ಲಿನಲ್ಲಿ ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಬೇಕು, ಮುಚ್ಚಳ ಇರಬೇಕು. ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿದರೆ ತುದಿಯ ಮನೆಗೆ ಒತ್ತಡ ಇಳಿಯುತ್ತದೆ, ಒಡೆದ ಪೈಪಿನಲ್ಲಿ ಗಟಾರದ ನೀರು ಒಳಗೆ ಸೆಳೆಯುತ್ತದೆ. ಇದನ್ನು ಒತ್ತಡದ ಪಾಠವಾಗಿ ಕಲಿಸಿ, ಯಾರ ಮನೆಯಲ್ಲಿ ಮೋಟಾರ್ ಇದೆ ಎಂದು ಕೇಳಬೇಡಿ. ಬೋರ್ ನೀರಿನ ಸವಳು ನಾಲಿಗೆಗೆ ತಿಳಿಯುತ್ತದೆ, ಫ್ಲೋರೈಡ್ ತಿಳಿಯುವುದಿಲ್ಲ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲ ಇಲ್ಲದಿದ್ದರೆ 1.5 ಗರಿಷ್ಠ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು.

ಮೌಲ್ಯಮಾಪನ

1. 17 ಕಿಲೋಲೀಟರ್ ಬಳಸಿದ ಮನೆಗೆ ಬಿಲ್ಲು ‘ಅ’ದ ದರದಲ್ಲಿ ಎಷ್ಟು? (141 ರೂ.)
2. ನಿಮ್ಮ ಗುಂಪಿನ ಅಳತೆಯಂತೆ ಒಬ್ಬರಿಗೆ ದಿನಕ್ಕೆ ಎಷ್ಟು ಲೀಟರ್? ಯಾವ ಮಾನದಂಡಕ್ಕೆ ಹೋಲಿಸುವಿರಿ, ಏಕೆ?
3. ಪಟ್ಟಣದಲ್ಲಿ ಮುಖ್ಯಾಧಿಕಾರಿಗೆ, ಹಳ್ಳಿಯಲ್ಲಿ ಪಿಡಿಒ ಅವರಿಗೆ ಹತ್ತು ಸಾಲಿನ ಮನವಿ ಬರೆಯಿರಿ.

ಮೂರನೆಯ ಪ್ರಶ್ನೆಗೆ ಅಂಕ ಕೊಡುವಾಗ ಭಾಷೆಯ ಜೊತೆಗೆ ಸಂಖ್ಯೆಯನ್ನು ನೋಡಬೇಕು. “ನಮಗೆ ನೀರು ಸರಿಯಾಗಿ ಬರುತ್ತಿಲ್ಲ” ಎಂಬ ಸಾಲಿಗೂ, “ಏಳು ದಿನದಲ್ಲಿ ಒಂದು ಸಲ, ಎರಡು ತಾಸು ನೀರು ಬಂದಿದೆ, 15 ಲೀಟರಿನ ಕೊಡ ತುಂಬಲು ಸರಾಸರಿ 180 ಸೆಕೆಂಡು ಹಿಡಿದಿದೆ” ಎಂಬ ಸಾಲಿಗೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ‘ನೋಡೋಣ’ ಎಂದು ಹೇಳಿ ಕಳಿಸಬಹುದು. ಎರಡನೆಯದನ್ನು ನೀರು ಬಿಡುವವರ ದಾಖಲೆಯೊಡನೆ ಹೋಲಿಸಿ ನೋಡಬೇಕಾಗುತ್ತದೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ: ಮನವಿಯನ್ನು ನಿಜವಾಗಿ ಕಳಿಸುವುದಾದರೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಇಡೀ ತರಗತಿಯ ಹೆಸರಿನಲ್ಲಿ ಕಳಿಸಿ. ನಮ್ಮ ಅಭ್ಯಾಸ ಬೋಧನೆ ಮುಗಿದ ಮೇಲೂ ಆ ಮಕ್ಕಳು ಅದೇ ಊರಿನಲ್ಲಿ ಇರುತ್ತಾರೆ. ಅಳತೆಯ ಹಾಳೆಗಳನ್ನು ಶಾಲೆಯಲ್ಲೇ ಬಿಟ್ಟು ಬನ್ನಿ. ಬೇಸಿಗೆಯಲ್ಲಿ ಇನ್ನೊಂದು ತಂಡ ಅದೇ ನಳಗಳನ್ನು ಅಳೆದರೆ ಎರಡು ಋತುಗಳ ಹೋಲಿಕೆ ಸಿಗುತ್ತದೆ.