ತಾನಾಗಿ ಕರಗಿದ ಗಡ್ಡೆ

ಮನುಷ್ಯನ ಶ್ವಾಸಕೋಶಗಳನ್ನು ಪ್ಲೂರಾ ಎಂಬ ಎರಡು ಪದರಗಳ ತೆಳುವಾದ ಪೊರೆ ಆವರಿಸಿದೆ. ಅವು ಎದೆಗೂಡಿಗೆ ಉಜ್ಜದೆ ಸರಾಗವಾಗಿ ಹಿಗ್ಗಿ ಕುಗ್ಗುವುದು ಈ ಪೊರೆಯ ಉಪಕಾರದಿಂದ. ಇದರಲ್ಲಿ ಹುಟ್ಟುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ಗಡ್ಡೆ ಅಪರೂಪವಾದದ್ದು. ಆದರೆ ಬಲು ಕ್ರೂರವಾದದ್ದು. ಕಲ್ನಾರಿನ ಸೂಕ್ಷ್ಮ ಎಳೆಗಳನ್ನು ಉಸಿರಿನೊಡನೆ ಒಳಗೆಳೆದುಕೊಂಡವರಿಗೆ ಇದರ ಭಯ ಹೆಚ್ಚು. ದಕ್ಷಿಣ ಆಫ್ರಿಕದ ಕಲ್ನಾರು ಗಣಿಗಳ ಸೀಮೆಯಲ್ಲಿ ಕಂಡ 33 ರೋಗಿಗಳ ವೃತ್ತಾಂತವನ್ನು ವ್ಯಾಗ್ನರ್ ಮತ್ತು ಅವರ ಸಹೋದ್ಯೋಗಿಗಳು 1960ರಲ್ಲಿ ಪ್ರಕಟಿಸಿ ಈ ಸಂಬಂಧವನ್ನು ತೋರಿಸಿಕೊಟ್ಟರು. ಎಳೆ ಒಳಹೊಕ್ಕ ಮೂವತ್ತು ನಲವತ್ತು ವರ್ಷಗಳ ತರುವಾಯ ರೋಗ ತಲೆದೋರುವುದುಂಟು.

ಇಂತಹ ಗಡ್ಡೆಯೂ, ಬಹು ವಿರಳವಾಗಿ, ತಾನಾಗಿಯೇ ಕುಗ್ಗಿದ ನಿದರ್ಶನಗಳಿವೆ. ಆಸ್ಟ್ರೇಲಿಯದ ಸಂಶೋಧಕರು 2001ರಲ್ಲಿ ಅಂತಹದೊಂದನ್ನು ವರ್ಣಿಸಿದರು. ಇತರ ಕ್ಯಾನ್ಸರ್‌ಗಳಲ್ಲಿಯೂ ಹೀಗಾಗುವುದುಂಟು. ಎವರ್‌ಸನ್ ಮತ್ತು ಕೋಲ್ ಎಂಬ ವೈದ್ಯರು ಜಗತ್ತಿನ ವೈದ್ಯ ಸಾಹಿತ್ಯವನ್ನೆಲ್ಲ ಜಾಲಾಡಿ, 1966ರಲ್ಲಿ 176 ಪ್ರಕರಣಗಳನ್ನು ಒಂದು ಗ್ರಂಥದಲ್ಲಿ ಸಂಗ್ರಹಿಸಿದರು. ಇದು ಪವಾಡವೇ? ಅಥವಾ ದೇಹದಲ್ಲಿಯೇ ಅಡಗಿರುವ ಯಾವುದಾದರೂ ಶಕ್ತಿಯ ಕೆಲಸವೇ?

ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದವರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಪ್ರಮುಖರು. ಕೈಯ ಮೂಳೆಯಲ್ಲಿ ಗಡ್ಡೆಯೆದ್ದಿದ್ದ ಹದಿಹರೆಯದ ಹುಡುಗಿಯೊಬ್ಬಳಿಗೆ ಅವರು ಶಸ್ತ್ರಚಿಕಿತ್ಸೆ ಮಾಡಿದ್ದರು. ಆದರೂ 1891ರ ಜನವರಿಯಲ್ಲಿ ಆಕೆ ತೀರಿಕೊಂಡಳು. ಆ ಸಾವು ತರುಣ ವೈದ್ಯರ ಮನಸ್ಸನ್ನು ಕಲಕಿತು. ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತಿರುವುತ್ತಿದ್ದಾಗ ವಿಚಿತ್ರವಾದ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಹಲವು ಬಾರಿ ಕತ್ತರಿಸಿದರೂ ಮರಳಿ ಬೆಳೆಯುತ್ತಿದ್ದ ಕತ್ತಿನ ಗಡ್ಡೆಯೊಂದು, ರೋಗಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗುಲಿ ಜ್ವರ ಬಂದ ಮೇಲೆ ಮಾಯವಾಗಿತ್ತು! ಕೋಲಿ ಬಡವರ ಕೇರಿಗಳಲ್ಲಿ ಅಲೆದು ಆತನನ್ನು ಪತ್ತೆಮಾಡಿದರು. ಏಳು ವರ್ಷಗಳಾಗಿದ್ದರೂ ಆತ ಆರೋಗ್ಯವಾಗಿದ್ದ.

ಬಳಿಕ ಕೋಲಿ ರೋಗಿಗಳಿಗೆ ಆ ಸೋಂಕಿನ ರೋಗಾಣುಗಳನ್ನೇ ಚುಚ್ಚಿ ನೋಡಿದರು. ಕೆಲವರ ಗಡ್ಡೆ ಕರಗಿತು. ಸೋಂಕಿನಿಂದಲೇ ಸತ್ತವರೂ ಇದ್ದರು. ಆಗ ಅವರು ಕೊಂದ ರೋಗಾಣುಗಳ ಮಿಶ್ರಣವನ್ನು ಬಳಸತೊಡಗಿದರು. ಎಲ್ಲರಿಗೂ ಒಂದೇ ಫಲ ದೊರೆಯಲಿಲ್ಲ, ಸಂದೇಹಪಟ್ಟವರು ಬಹಳ. 1936ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ವಿಕಿರಣ ಚಿಕಿತ್ಸೆ ಮುಂದೆ ಬಂದು, ಅವರ ವಿಧಾನ ಮೂಲೆಗೆ ಸರಿದಿತ್ತು.

ಆದರೆ ಬೀಜ ಸಾಯಲಿಲ್ಲ. ದೇಹದ ರಕ್ಷಣಾ ಕಣಗಳು ಕ್ಯಾನ್ಸರನ್ನು ಎದುರಿಸಬಲ್ಲವು; ಅವುಗಳಿಗೆ ತಡೆಗಳೂ ಇವೆ. ಈ ತಡೆಗಳನ್ನು ತೆಗೆಯುವ ಮಾರ್ಗವನ್ನು ತೋರಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೋಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ತತ್ತ್ವವನ್ನು ಆಧರಿಸಿದ ಎರಡು ಔಷಧಿಗಳ ಜೋಡಿಗೆ, ಶಸ್ತ್ರಕ್ರಿಯೆಗೆ ನಿಲುಕದ ಪ್ಲೂರಾದ ಮೀಸೊಥೀಲಿಯೋಮಕ್ಕಾಗಿ, 2020ರಲ್ಲಿ ಅಮೆರಿಕದಲ್ಲಿ ಸಮ್ಮತಿ ದೊರೆಯಿತು. ರೋಗ ಬೇರುಸಹಿತ ಹೋಗದಿದ್ದರೂ ಹಲವರ ಆಯುಷ್ಯ ಹೆಚ್ಚಿತು.

ತಾನಾಗಿ ಕರಗಿದ ಗಡ್ಡೆಯ ಕಥೆ ಕೇಳಿ ಚಿಕಿತ್ಸೆಯನ್ನು ಬಿಟ್ಟು ಕುಳಿತುಕೊಳ್ಳುವುದು ಅವಿವೇಕ. ಅದು ಲಕ್ಷಕ್ಕೊಬ್ಬರ ಅದೃಷ್ಟವೂ ಆಗದಿರಬಹುದು. ಹಾಗೆಂದು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದೂ ತರವಲ್ಲ. ಒಬ್ಬನಲ್ಲಿ ಅಕಸ್ಮಾತ್ತಾಗಿ ನಡೆದದ್ದನ್ನು ಹಲವರಲ್ಲಿ ನಡೆಯುವಂತೆ ಮಾಡಲು ಹೆಣಗುವುದೇ ವಿಜ್ಞಾನದ ಕಾಯಕ.