ನರಜಾಲವೂ ನಡತೆಯೂ

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗದ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ನಿತ್ಯ ಪರಿಚಿತವಾದುದು. ಹೊಸದಾಗಿ ರೊಟ್ಟಿ ಮಾಡಲು ಕಲಿಯುವ ಬಾಲಕಿಯ ಬೆರಳು ಕಾದ ಹಂಚಿಗೆ ತಗಲಿದೊಡನೆ ಕೈ ಹಿಂದಕ್ಕೆ ಸರಿಯುತ್ತದೆ. ಉರಿಯ ಅರಿವು ಅನಂತರ ಉಂಟಾಗುತ್ತದೆ. ತಾಯಿಯ ಅಂಗೈಯ ಕೆಳಗಾದರೋ ಹಿಟ್ಟು ತಾನಾಗಿಯೇ ಎಂಬಂತೆ ದುಂಡಗೆ ಹರಡುತ್ತದೆ. ಮೊದಲನೆಯದು ಹುಟ್ಟಿನಿಂದ ಬಂದ ಕ್ರಿಯೆ. ಎರಡನೆಯದು ಅಭ್ಯಾಸದಿಂದ ಬಂದುದು. ಈ ಎರಡು ಬಗೆಯ ನಡತೆಗೂ ಆಧಾರವಾಗಿರುವುದು ದೇಹದೊಳಗಿನ ನರಜಾಲ.

ನರಕೋಶ ಮತ್ತು ನರಸಂಧಿ

ಮಾನವನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವು ಒಂದರೊಡನೊಂದು ಬೆಸೆದುಕೊಂಡ ಬಲೆಯಲ್ಲ, ಪ್ರತ್ಯೇಕ ಘಟಕಗಳು ಎಂಬುದನ್ನು ಸ್ಪೇನ್ ದೇಶದ ವಿಜ್ಞಾನಿ ರಾಮೋನ್ ಈ ಕಾಹಾಲ್ ತೋರಿಸಿದನು. ಆತನಿಗೆ 1906ರಲ್ಲಿ ಇಟಲಿಯ ಗಾಲ್ಜಿಯೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಎರಡು ನರಕೋಶಗಳು ಸಂಧಿಸುವ ಸ್ಥಾನಕ್ಕೆ 1897ರಲ್ಲಿ ಇಂಗ್ಲೆಂಡಿನ ಶೆರಿಂಗ್ಟನ್ 'ಸಿನಾಪ್ಸ್' ಎಂಬ ಹೆಸರನ್ನು ಬಳಕೆಗೆ ತಂದನು. ಇದನ್ನು ನರಸಂಧಿ ಎನ್ನಬಹುದು. ಸಾಮಾನ್ಯವಾಗಿ ಇಲ್ಲಿ ಎರಡು ಕೋಶಗಳ ನಡುವೆ ಒಂದು ಕಿರಿದಾದ ಅಂತರವಿರುತ್ತದೆ. ಒಂದು ಮಿಲಿಮೀಟರನ್ನು ಐವತ್ತು ಸಾವಿರ ಭಾಗ ಮಾಡಿದರೆ ದೊರೆಯುವ ಒಂದು ಭಾಗದಷ್ಟೇ ಅದರ ಅಗಲ. ನರತಂತುವಿನಲ್ಲಿ ವಿದ್ಯುತ್ ಸಂಕೇತವಾಗಿ ಸಾಗಿ ಬಂದ ಸುದ್ದಿ, ಈ ಅಂತರವನ್ನು ರಾಸಾಯನಿಕ ದ್ರವ್ಯದ ರೂಪದಲ್ಲಿ ದಾಟುತ್ತದೆ. ಕೆಲವು ದ್ರವ್ಯಗಳು ಮುಂದಿನ ಕೋಶವನ್ನು ಪ್ರಚೋದಿಸುತ್ತವೆ, ಕೆಲವು ತಡೆಯುತ್ತವೆ. ಪ್ರಚೋದನೆ ಮತ್ತು ತಡೆಗಳ ಮೊತ್ತದಿಂದಲೇ ಆ ಕೋಶದ ಮುಂದಿನ ವರ್ತನೆ ನಿರ್ಧಾರವಾಗುತ್ತದೆ.

ನರಮಂಡಲದಿಂದ ಕ್ರಿಯೆ

ಒಂದು ನರಸಂಧಿಯಿಂದ ನಡತೆ ಹುಟ್ಟುವುದಿಲ್ಲ. ಅನೇಕ ಸಂಧಿಗಳು ಕ್ರಮವಾಗಿ ಜೋಡಣೆಗೊಂಡು ನರಮಂಡಲವಾದಾಗ ಕ್ರಿಯೆ ಉಂಟಾಗುತ್ತದೆ. ಹಂಚಿನ ಬಿಸಿಯನ್ನು ಗ್ರಹಿಸಿದ ನರಕೋಶವು ಸುದ್ದಿಯನ್ನು ಬೆನ್ನುಹುರಿಗೆ ಒಯ್ಯುತ್ತದೆ. ಅಲ್ಲಿರುವ ನಡುವಣ ಕೋಶಗಳು ತೋಳನ್ನು ಮಡಿಸುವ ಸ್ನಾಯುವಿಗೆ ಪ್ರಚೋದನೆಯನ್ನೂ ಚಾಚುವ ಸ್ನಾಯುವಿಗೆ ತಡೆಯನ್ನೂ ಏಕಕಾಲದಲ್ಲಿ ಉಂಟುಮಾಡುತ್ತವೆ. ಆದುದರಿಂದ ಮಿದುಳಿನ ಅಪ್ಪಣೆಗೆ ಕಾಯದೆ ಕೈ ಸರಿಯುತ್ತದೆ. ಆದರೆ ಅದೇ ಕೈಯಲ್ಲಿ ಬಿಸಿ ಅನ್ನದ ಪಾತ್ರೆಯಿದ್ದು, ಕಾಲಬಳಿ ಮಗುವಿದ್ದರೆ ತಾಯಿಯು ಪಾತ್ರೆಯನ್ನು ಕೆಡಹುವುದಿಲ್ಲ. ಉರಿಯನ್ನು ಸಹಿಸಿ ಕೆಳಗಿರಿಸುತ್ತಾಳೆ. ಮಿದುಳಿನಿಂದ ಇಳಿದು ಬಂದ ಸಂಕೇತಗಳು ಬೆನ್ನುಹುರಿಯ ಮಂಡಲವನ್ನು ಅಂಕೆಯಲ್ಲಿಡುತ್ತವೆ. ಸಂಯಮವೆಂಬ ಗುಣಕ್ಕೂ ಹೀಗೆ ನರಗಳಲ್ಲಿ ನೆಲೆಯುಂಟು.

ಅಭ್ಯಾಸದ ಫಲ

ಬೆಟಗೇರಿಯ ಕೈಮಗ್ಗದ ಮುಂದೆ ಕುಳಿತ ನೇಕಾರನ ಕಾಲು ತುಳಿಯುವುದು, ಕೈ ಲಾಳಿಯನ್ನು ಓಡಿಸುವುದು, ಹಣಿಗೆಯಿಂದ ಹೊಕ್ಕನ್ನು ಬಡಿಯುವುದು, ಇವೆಲ್ಲ ಒಂದೇ ಲಯದಲ್ಲಿ ನಡೆಯುತ್ತವೆ. ಕಲಿಯುವಾಗ ಒಂದೊಂದು ಚಲನೆಗೂ ಗಮನ ಬೇಕು. ಕಲಿತ ಮೇಲೆ ಗಮನವು ವಿನ್ಯಾಸದ ಕಡೆಗೆ ಹರಿಯಬಲ್ಲುದು. ಜೊತೆಜೊತೆಗೆ ಪದೇಪದೇ ಕೆಲಸಮಾಡುವ ನರಕೋಶಗಳ ನಡುವಣ ಸಂಬಂಧ ಬಲಗೊಳ್ಳುತ್ತದೆಂದು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಊಹಿಸಿದನು. ಪುನಃಪುನಃ ಪ್ರಚೋದಿಸಿದ ನರಸಂಧಿಗಳು ಗಂಟೆಗಟ್ಟಲೆ ಹೆಚ್ಚು ಪ್ರಬಲವಾಗಿ ಉಳಿಯುವುದನ್ನು ಬ್ಲಿಸ್ ಮತ್ತು ಲೋಮೊ ಮೊಲದ ಮಿದುಳಿನಲ್ಲಿ ಕಂಡು 1973ರಲ್ಲಿ ಪ್ರಕಟಿಸಿದರು. ಸಮುದ್ರದ ಬಸವನಹುಳುವಿನ ಸರಳ ನರಮಂಡಲದಲ್ಲಿ ಕಲಿಕೆಯೊಡನೆ ನರಸಂಧಿಯ ಬಲ ಏರಿಳಿಯುವುದನ್ನು ತೋರಿಸಿದ ಎರಿಕ್ ಕ್ಯಾಂಡೆಲ್‌ಗೆ 2000ದಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು.

ಗದುಗಿನ ವೀರೇಶ್ವರ ಪುಣ್ಯಾಶ್ರಮವು ಈ ಸಂದರ್ಭದಲ್ಲಿ ನೆನಪಿಗೆ ಬಾರದಿರದು. ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಅಂಧ ಬಾಲಕರಿಗೆ ಸಂಗೀತವನ್ನು ಧಾರೆಯೆರೆದರು. ಕಿವಿಯಿಂದ ಕೇಳಿ, ಬೆರಳಿನಿಂದ ಮುಟ್ಟಿ, ಸಾವಿರ ಸಲ ನುಡಿಸಿ ಅಲ್ಲಿನ ವಿದ್ಯಾರ್ಥಿಗಳು ವಿದ್ಯೆಯನ್ನು ಕರಗತ ಮಾಡಿಕೊಂಡರು. ಅನ್ಯದೇಶಗಳಲ್ಲಿ ನಡೆದು 1996ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು ಬ್ರೈಲ್ ಓದುವಾಗ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವೇ ಚುರುಕಾಗುವುದನ್ನು ತೋರಿಸಿತು. ಒಂದು ದ್ವಾರ ಮುಚ್ಚಿದರೂ ಮಿದುಳು ಆ ಸ್ಥಳವನ್ನು ಪಾಳುಬಿಡುವುದಿಲ್ಲ.

ಅಂಜಿಕೆಯ ಫಲ

ಅಭ್ಯಾಸದಂತೆ ಅಂಜಿಕೆಯೂ ನರಜಾಲವನ್ನು ಮಾರ್ಪಡಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿಯವರೂ ಅವರ ಸಹೋದ್ಯೋಗಿಗಳೂ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗದಂತೆ ಬಂಧಿಸಿಟ್ಟು ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್ ಭಾಗದ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಭಾಗದಲ್ಲಿ ಕವಲುಗಳು ಹಬ್ಬಿದ್ದವು. ಇಲಿಗಳ ವರ್ತನೆಯಲ್ಲಿ ಕಳವಳ ಹೆಚ್ಚಿತ್ತು. 2004ರ ಮುಂದಿನ ಅಧ್ಯಯನದಲ್ಲಿ 21 ದಿನ ವಿಶ್ರಾಂತಿ ಕೊಟ್ಟ ಮೇಲೆ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲದ ಬದಲಾವಣೆಯೂ ಕಳವಳವೂ ಉಳಿದೇ ಇದ್ದವು.

ಇಲಿಯ ಮಿದುಳು ಮಗುವಿನ ಮಿದುಳಲ್ಲ. ಒಂದರ ಫಲವನ್ನು ಇನ್ನೊಂದಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಇದರಲ್ಲಿ ಶಾಲೆಗೆ ಎಚ್ಚರಿಕೆಯಿದೆ. ಮಗ್ಗಿ ತಪ್ಪಿದ ಬಾಲಕನನ್ನು ಬೆತ್ತದಿಂದ ಬೆದರಿಸಿದರೆ, ಅವನು ಮಗ್ಗಿಗಿಂತ ಮೊದಲು ಬೆತ್ತದ ಭಯವನ್ನೇ ಕಲಿತಾನು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನಿನ ಈ ಮಾತಿಗೆ ವಿಜ್ಞಾನವೂ ಪುಷ್ಟಿ ಕೊಡುತ್ತದೆ.

ಹುಟ್ಟಿನೊಡನೆ ಬಂದ ನರಜಾಲವು ಪೂರ್ಣಗೊಂಡ ಬಟ್ಟೆಯಲ್ಲ. ಮಗ್ಗಕ್ಕೇರಿಸಿದ ಹಾಸು ಮಾತ್ರ. ದಿನದಿನದ ಅನುಭವವೇ ಅದರ ಹೊಕ್ಕು. ಯಾವ ನೂಲನ್ನು ಸೇರಿಸಬೇಕೆಂಬ ವಿವೇಕದಲ್ಲಿ ವಿದ್ಯಾರ್ಥಿಗೆ ಎಷ್ಟು ಹೊಣೆಯುಂಟೋ, ಅವನನ್ನು ರೂಪಿಸುವ ಹಿರಿಯರಿಗೆ ಅದಕ್ಕಿಂತ ಹೆಚ್ಚಿನ ಹೊಣೆಯುಂಟು.